ಗಾಳಿ ಟಾಯರೋ, ಗಟ್ಟಿ ಟಾಯರೋ?

ಆಲಮಟ್ಟಿ ಸುತ್ತಿನ ಹೊಲದ ಹಾದಿಯಲ್ಲಿ ಸೈಕಲ್ ಹೊಡೆಯುವವರಿಗೆ ಜಾಲಿಮುಳ್ಳು, ನೆಗ್ಗಿಲಮುಳ್ಳಿನ ಕಾಟ ಗೊತ್ತೇ ಇದೆ. ಗಾಳಿಯೇ ಬೇಡದ ಗಟ್ಟಿ ರಬ್ಬರ್ ಟಾಯರ್ ಹಾಕಿಸಿದರೆ ಪಂಚರ್ ಚಿಂತೆ ತಪ್ಪೀತಲ್ಲ ಎಂದು ಕೇಳುವವರಿದ್ದಾರೆ. ಪಂಚರ್ ತಪ್ಪುವುದು ಖರೆ. ಉಳಿದದ್ದನ್ನೂ ನೋಡಬೇಕು.

ಗಾಳಿ ಟಾಯರ್ ಬರುವ ಮುಂಚಿನ ಸೈಕಲ್ಲುಗಳಿಗೆ ಗಟ್ಟಿ ರಬ್ಬರ್ ಇತ್ತು. ಬೆಲ್‌ಫಾಸ್ಟಿನ ಡನ್ಲಪ್ ಎಂಬ ದನದ ಡಾಕ್ಟರು ಮಗನ ಮೂರುಗಾಲಿ ಸೈಕಲ್ಲಿಗೆಂದು ಗಾಳಿ ಟಾಯರ್ ಮಾಡಿ, 1888ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಗಟ್ಟಿಯದು ಹಿಂದೆ ಬಿತ್ತು.

ಕಾರಣ ಇಷ್ಟೇ. ಕಲ್ಲು ಅಡ್ಡ ಬಂದರೆ ಗಾಳಿ ಟಾಯರ್ ಅಷ್ಟು ಜಾಗದಲ್ಲಿ ತಗ್ಗಿ ದಾಟುತ್ತದೆ. ಗಟ್ಟಿಯದು ತಗ್ಗುವುದಿಲ್ಲ, ಸವಾರನನ್ನೂ ಕ್ಯಾರಿಯರಿನ ಚೀಲವನ್ನೂ ಎತ್ತಿ ಇಳಿಸುತ್ತದೆ. ಆ ಎತ್ತುವ ದುಡಿಮೆ ನಮ್ಮ ಕಾಲಿನದು, ಪೆಟ್ಟು ಸ್ಪೋಕು ರಿಮ್ಮಿನದು. ಮೆತ್ತನೆ ಜಾತಿಯ ಗಟ್ಟಿ ಟಾಯರ್ ಕುಲುಕಾಟ ಕಡಿಮೆ ಮಾಡೀತು, ಆದರೆ ಸುತ್ತು ಸುತ್ತಿಗೂ ರಬ್ಬರ್ ಹಿಂಡಿಕೊಂಡು ತುಳಿತದ ಬಲ ತಿನ್ನುತ್ತದೆ. ರಿಮ್ಮಿನ ಅಗಲಕ್ಕೆ ಸರಿಯಾಗಿ ಕೂಡದಿದ್ದರೆ ತಿರುವಿನಲ್ಲಿ ಕಳಚಲೂಬಹುದು.

ಹಿತ್ತಲಲ್ಲಿ ಗೊಬ್ಬರ ಸಾಗಿಸುವ ಕೈಗಾಡಿಗೆ ಗಟ್ಟಿ ಟಾಯರ್ ಹಾಕಿಸಿರಿ, ಅಡ್ಡಿಯಿಲ್ಲ. ದೂರವೂ ಇಲ್ಲ, ವೇಗವೂ ಇಲ್ಲ. ನಿಡಗುಂದಿ ಸಂತೆಗೆ ಹೊರೆ ಹೇರಿಕೊಂಡು ಹೋಗುವ ಸೈಕಲ್ಲಿಗೆ ಮಾತ್ರ ಗಾಳಿಯದೇ ಇರಲಿ.

ಮುಳ್ಳಿಗೆ ಬೇರೆ ಉಪಾಯ ಇದೆ. ಹಳೇ ಟ್ಯೂಬಿನ ವಾಲ್ವ್ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ, ಟಾಯರಿಗೂ ಟ್ಯೂಬಿಗೂ ನಡುವೆ ಸುಕ್ಕಾಗದಂತೆ ಹಾಸಬೇಕು. ನೆಗ್ಗಿಲಮುಳ್ಳು ಬಹಳಷ್ಟು ಅಲ್ಲೇ ತಡೆಯುತ್ತದೆ, ಉದ್ದನೆ ಜಾಲಿಮುಳ್ಳಿಗೆ ಸಾಲದು. ಪಂಚರ್ ತಿದ್ದಿಸಿದಾಗ ಟಾಯರಿನ ಒಳಗೆ ಬಟ್ಟೆ ಆಡಿಸಿ ನೋಡಿರಿ. ಮುರಿದ ಮೊನೆ ಉಳಿದಿದ್ದರೆ ಬಟ್ಟೆಗೆ ಸಿಗುತ್ತದೆ, ಇಲ್ಲದಿದ್ದರೆ ಮರುದಿನ ಟ್ಯೂಬಿಗೆ.