ಎಳೆಯದು ಹತ್ತಿರಕ್ಕೆ, ಒಣಗಿದ್ದು ದೂರಕ್ಕೆ: ಸಾವಯವ ಹೀರೆ ಮಾರುವವರಿಗೆ ಹನ್ನೊಂದು ಸೂತ್ರ

ವಂಡ್ಸೆ, ಚಿತ್ತೂರು, ನೆಂಪು ಕಡೆಯ ಕೃಷಿಕರಿಗೆ ಹೀರೆ ಬೆಳೆಯುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹಟ್ಟಿಗೊಬ್ಬರ, ಒಂದಿಷ್ಟು ಸುಡುಮಣ್ಣು, ಅಡಿಕೆ ಸಲಾಕೆಯ ಚಪ್ಪರ, ನಾಲ್ಕು ಒಳ್ಳೆಯ ಮಳೆ ಇದ್ದರೆ ಬಳ್ಳಿ ತಾನಾಗಿ ಹಬ್ಬುತ್ತದೆ. ತಲೆನೋವು ಶುರುವಾಗುವುದು ಕೊಯ್ಲು ಜೋರಾದ ಮೇಲೆ. ಮನೆಯ ಮಕ್ಕಳು ಹೀರೆ ಕಂಡರೆ ಮುಖ ತಿರುಗಿಸುತ್ತಾರೆ, ನೆರೆಕರೆಗೆ ಹಂಚಿ ಮುಗಿದಿರುತ್ತದೆ, ಪೇಟೆಯ ಅಂಗಡಿಯವರು "ನಿನ್ನಿದೇ ಇತ್ತ್ ಮಾರಾಯ್ರೆ" ಎಂದು ಕೈಯಾಡಿಸುತ್ತಾರೆ. ಕಾಯಿಯೋ, ಎರಡು ದಿನ ಬಿಟ್ಟರೆ ಬಲಿತು ನಾರಾಗುತ್ತದೆ. ಹಾಗಾಗಿ ಮಾರುಕಟ್ಟೆಯ ಯೋಚನೆ ಬೀಜ ಕೈಗೆತ್ತಿಕೊಳ್ಳುವಾಗಲೇ ಆಗಬೇಕು.

1. ಒಂದು ಬೆಳೆ ಎಂದುಕೊಳ್ಳಬೇಡಿ, ಎರಡು ಎಂದುಕೊಳ್ಳಿ

ಏಣು ಇರುವ ಹೀರೆ ಅಡುಗೆಗೆ. ನುಣುಪು ಮೈಯ ತುಪ್ಪದ ಹೀರೆ ಎಳೆಯದಿದ್ದಾಗ ಅಡುಗೆಗೂ ಆಗುತ್ತದೆ, ಬಲಿತು ಒಣಗಿದರೆ ಮೈ ಉಜ್ಜುವ ನಾರೂ ಆಗುತ್ತದೆ. ಏಣು ಹೀರೆಯಲ್ಲೂ ನಾರಿದೆ, ಆದರೆ ಸಿಪ್ಪೆ ಬಿಡಿಸುವುದು ಕಷ್ಟ, ನಾರೂ ಒರಟು. ಎಳೆಕಾಯಿಯ ಆಯುಷ್ಯ ಒಂದೆರಡು ದಿನ, ನಾರು ವರ್ಷವಿಟ್ಟರೂ ಕೆಡುವುದಿಲ್ಲ. ಒಂದನ್ನು ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಕಡೆ ಮಾರಬೇಕು, ಇನ್ನೊಂದನ್ನು ದೆಹಲಿಗೂ ಕಳಿಸಬಹುದು. ಎರಡಕ್ಕೂ ಬಿತ್ತನೆ ಬೇರೆ, ಗಿರಾಕಿ ಬೇರೆ. ಮಳೆಗಾಲದ ಬಳ್ಳಿಯಲ್ಲಿ ಉಳಿದ ಕಾಯಿಯನ್ನೇ ನಾರು ಮಾಡಿಬಿಡೋಣ ಎಂಬ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮ ಉಡುಪಿ. ಆಗಸ್ಟಿನಲ್ಲಿ ಬಳ್ಳಿಯಲ್ಲೇ ಬಿಟ್ಟ ಕಾಯಿ ಒಣಗುವ ಮೊದಲು ಕೊಳೆಯುತ್ತದೆ, ಕೊಳೆಯದಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ನಾರಿನ ಬಳ್ಳಿಗೆ ದೀಪಾವಳಿಯ ಹೊತ್ತಿಗೆ ಬೀಜ ಹಾಕಿ, ಬೇಸಿಗೆಯ ಬಿಸಿಲಿಗೆ ಕಾಯಿ ಒಣಗಲಿ.

2. ಮೊದಲು "ಊರಿನದು" ಎಂದು ಮಾರಿ, ಆಮೇಲೆ "ಸಾವಯವ" ಎನ್ನಿ

ಶನಿವಾರ ಕುಂದಾಪುರದ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಗಿರಾಕಿಯ ಮನಸ್ಸು ಅರ್ಥವಾಗುತ್ತದೆ. ರಾಶಿಯ ಮುಂದೆ ಕೂರುವ ಹೆಂಗಸು ಮೊದಲು ಬೆಲೆ ಕೇಳುವುದಿಲ್ಲ. ಒಂದು ಕಾಯಿ ಎತ್ತಿ, ಏಣಿಗೆ ಉಗುರು ತಾಗಿಸಿ, "ಹ್ವಾಯ್, ಇದ್ ಊರಿಂದಾ, ಘಟ್ಟದ್ದಾ?" ಎನ್ನುತ್ತಾಳೆ. "ನಮ್ಮನಿದೇ ಅಮ್ಮ, ಬೆಳಿಗ್ಗೆ ಕೊಯ್ದದ್" ಎಂಬ ಉತ್ತರ ಬಂದರೆ ಚೌಕಾಸಿ ಅಲ್ಲಿಗೇ ಅರ್ಧ ಮುಗಿಯಿತು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಹೀರೆ ವರ್ಷವಿಡೀ ಸಿಗುತ್ತದೆ. ಬೆಲೆಯಲ್ಲಿ ಅದರ ಜತೆ ಪೈಪೋಟಿಗಿಳಿದರೆ ಸೋಲುವವರು ನೀವು. ಯಾವ ಊರು, ಯಾವತ್ತು ಕೊಯ್ದದ್ದು, ಏನು ಹಾಕಿ ಬೆಳೆದದ್ದು ಎಂಬ ಮೂರು ಮಾತನ್ನು ಒಂದು ರಟ್ಟಿನ ಮೇಲೆ ಬರೆದು ರಾಶಿಗೆ ಚುಚ್ಚಿ. ಬ್ರಹ್ಮಾವರದ ಸೋಮವಾರದ ಸಂತೆಗೂ, ಆದಿ ಉಡುಪಿಯ ಬುಧವಾರದ ಸಂತೆಗೂ ಇದೇ ಮಾತು. ಮೂರಕ್ಕೂ ಓಡಬೇಡಿ, ಒಂದೇ ಸಂತೆ, ಒಂದೇ ಜಾಗ, ತಪ್ಪದೆ ಪ್ರತಿ ವಾರ. ಮುಖಪರಿಚಯವಾದ ಮೇಲೆ ಗಿರಾಕಿಯೇ ಹುಡುಕಿಕೊಂಡು ಬರುತ್ತಾರೆ.

3. ಮೀನಿನ ಲೆಕ್ಕವನ್ನೂ ಪಂಚಾಂಗವನ್ನೂ ಒಟ್ಟಿಗೆ ನೋಡಿ

ಕರಾವಳಿಯಲ್ಲಿ ತರಕಾರಿಯ ಬೇಡಿಕೆ ಅರ್ಧಕ್ಕರ್ಧ ನಿರ್ಧಾರವಾಗುವುದು ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯಲ್ಲಿ ದೋಣಿ ಲಂಗರು ಹಾಕಿದ ದಿನಗಳಲ್ಲಿ ಮೀನು ತುಟ್ಟಿ, ತರಕಾರಿಗೆ ಕೈ ಹೆಚ್ಚು. ನಿಮ್ಮ ಮೊದಲ ಕೊಯ್ಲು ಜುಲೈ ನಡುವಿನಲ್ಲಿ ಸಿಗಬೇಕಿದ್ದರೆ ಮೇ ಎರಡನೇ ವಾರವೇ ತೊಟ್ಟೆಯಲ್ಲಿ ಸಸಿ ಎಬ್ಬಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಬೀಜ ಹಾಕಿದವರ ಕಾಯಿ ಪೇಟೆಗೆ ಬರುವಾಗ ದೋಣಿಗಳೂ ಕಡಲಿಗೆ ಹೊರಟಿರುತ್ತವೆ.

ಇನ್ನು ಪಂಚಾಂಗ. ಆಷಾಢ ಶುದ್ಧ ಏಕಾದಶಿಗೆ ಚಾತುರ್ಮಾಸ್ಯ ಶುರುವಾದರೆ ಮಾಧ್ವರಿಗೆ ಮೊದಲ ತಿಂಗಳು ಶಾಕವ್ರತ. ಉಡುಪಿಯ ಮಠಗಳಲ್ಲೂ ವ್ರತ ಹಿಡಿದ ಮನೆಗಳಲ್ಲೂ ಆ ತಿಂಗಳು ತರಕಾರಿಯೇ ಇಲ್ಲ. ಹೀರೆ ಚಪ್ಪರ ತುಂಬಿ ತೂಗುವ ತಿಂಗಳೂ ಅದೇ! ಮಠ, ಬ್ರಾಹ್ಮಣರ ಸಮಾರಂಭದ ಅಡುಗೆಯವರು, ಅಗ್ರಹಾರದ ಮನೆಗಳನ್ನು ನೆಚ್ಚಿಕೊಂಡವರು ಆ ಒಂದು ತಿಂಗಳಿಗೆ ಬೇರೆ ದಾರಿ ಮಾಡಿಕೊಂಡಿರಬೇಕು. ಶ್ರಾವಣದ ಎರಡನೇ ಪಕ್ಷ ಬಂದರೆ ಚಿತ್ರ ತಿರುಗುತ್ತದೆ. ಶಾಕವ್ರತ ಮುಗಿದಿರುತ್ತದೆ, ಶ್ರಾವಣ ಶನಿವಾರ, ಸೋಮವಾರಗಳಲ್ಲಿ ಮೀನು ಬಿಟ್ಟ ಮನೆಗಳು ಸಾಕಷ್ಟು, ಹಿಂದೆಯೇ ಅಷ್ಟಮಿ, ಚೌತಿ. ಕೊಂಕಣಿಗರ ಮನೆಯಲ್ಲಿ ಹಬ್ಬದೂಟಕ್ಕೆ ಹೀರೆಯ ಪೋಡಿ ಕರಿಯುವುದುಂಟು. ಎರಡನೇ ಸರದಿಯ ಬಳ್ಳಿ ಆ ಹೊತ್ತಿಗೆ ಕಾಯಿ ಕೊಡುವಂತೆ ಮೂರು ವಾರ ತಡವಾಗಿ ಇನ್ನಷ್ಟು ಬುಡ ಹಾಕಿ.

4. ಕೊಲ್ಲೂರು ದಾರಿ ನಿಮ್ಮ ಮನೆ ಮುಂದೆಯೇ ಹೋಗುತ್ತದೆ

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿಗೆ ಹೋಗುವ ವಾಹನವೆಲ್ಲ ವಂಡ್ಸೆ ಹಾದೇ ಹೋಗಬೇಕು. ಅದರಲ್ಲಿ ದೊಡ್ಡ ಪಾಲು ಕೇರಳದ ಯಾತ್ರಿಕರದು. ಅವರಿಗೆ ಹೀರೆ ಹೊಸದಲ್ಲ. ಪೀಚಿಂಗ ಎಂದು ಕರೆದು ತೆಂಗಿನತುರಿ ಹಾಕಿ ತೋರನ್ ಮಾಡುತ್ತಾರೆ. ಕೊಲ್ಲೂರಿನ ಊಟದ ಹೋಟೆಲಿನವರಿಗೆ ಇದು ತಿಳಿಯದ ವಿಷಯವಲ್ಲ. ಅವರಿಗೆ ಬೇಕಾದದ್ದು ವಾರಕ್ಕೆ ಮೂರು ದಿನ ತಪ್ಪದೆ ಬಂದು ಬೀಳುವ ಮಾಲು. ನವರಾತ್ರಿಯ ಜನಜಂಗುಳಿಗೆ ಹದಿನೈದು ದಿನ ಮುಂಚೆಯೇ ಮಾತಾಡಿ ಇಟ್ಟುಕೊಳ್ಳಿ.

5. ಹೋಟೆಲಿಗೆ ಹೋಗುವುದಿದ್ದರೆ ಹನ್ನೊಂದು ಗಂಟೆಗೆ ಹೋಗಿ

ಬೆಳಗಿನ ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗದ ಹೊತ್ತು ಅದು. ಗಲ್ಲಾದಲ್ಲಿ ಕೂತ ಯಜಮಾನರ ಜತೆ ಮಾತ್ರ ಮಾತಾಡಿ ಬಂದರೆ ಸಾಲದು, ಅಡುಗೆ ಭಟ್ಟರ ಕೈಗೂ ಎರಡು ಕಾಯಿ ಕೊಡಿ. ಸಂಜೆಯ ಪೋಡಿಗೆ ಅವರಿಗೆ ಬೇಕಾದದ್ದು ನೇರವಾಗಿ ಬೆಳೆದ, ಒಂದೇ ದಪ್ಪದ, ಬೀಜ ಬಲಿಯದ ಕಾಯಿ. ಬಿಲ್ಲೆ ಕತ್ತರಿಸಿದರೆ ಎಲ್ಲವೂ ಒಂದೇ ಅಳತೆಗೆ ಬಂದು ಎಣ್ಣೆಯಲ್ಲಿ ಒಟ್ಟಿಗೆ ಬೇಯಬೇಕು. ನೆಲದಲ್ಲಿ ಹರಿದ ಬಳ್ಳಿಯ ಕಾಯಿ ಕೊಕ್ಕೆಯಂತೆ ಬಾಗುತ್ತದೆ, ಚಪ್ಪರದಿಂದ ಇಳಿಬಿದ್ದದ್ದು ತೂಕಕ್ಕೆ ನೆಟ್ಟಗಾಗುತ್ತದೆ. ಹಾಗಾಗಿ ಚಪ್ಪರದ ಖರ್ಚು ದಂಡವಲ್ಲ. ಬಾಗಿದ ಕಾಯಿಯನ್ನು ಹೀರೆಕಾಯಿ ದೋಸೆ ಹುಯ್ಯುವ ಮನೆಗಳಿಗೆ ಸಂತೆಯಲ್ಲೇ ಮಾರಿ, ಅವರಿಗೆ ಆಕಾರದ ಚಿಂತೆಯಿಲ್ಲ. ಬೆಲೆಯನ್ನು ಇಡೀ ಮಳೆಗಾಲಕ್ಕೆ ಒಂದೇ ಎಂದು ಮಾತಾಡಿ. ಸಂತೆಯಲ್ಲಿ ದರ ಏರಿದಾಗ ಹೊಟ್ಟೆ ಉರಿಯುತ್ತದೆ, ನಿಜ. ಇಳಿದಾಗ ಉಳಿಸುವುದೂ ಅದೇ ಮಾತು.

6. ಒಂದು ಕಹಿ ಕಾಯಿ ಹತ್ತು ಗಿರಾಕಿಯನ್ನು ಓಡಿಸುತ್ತದೆ

ಹೀರೆಯ ಕೆಲವು ಬಳ್ಳಿಗಳು ಹುಟ್ಟಿನಿಂದಲೇ ಕಹಿ. ಕುಕುರ್ಬಿಟಾಸಿನ್ ಎಂಬ ಅಂಶ ಅದಕ್ಕೆ ಕಾರಣ. ಕಹಿ ಜೋರಿದ್ದರೆ ತಿಂದವರಿಗೆ ವಾಂತಿ, ಭೇದಿಯೂ ಆಗಬಹುದು. ಗೊಬ್ಬರದಿಂದ ಅದನ್ನು ಸರಿಪಡಿಸಲಾಗದು. ಪ್ರತಿ ಬುಡದ ಮೊದಲ ಕಾಯಿಯ ತೊಟ್ಟಿನ ಬದಿಯಿಂದ ಒಂದು ಚೂರು ನಾಲಿಗೆಗೆ ತಾಗಿಸಿ ಉಗುಳಿ. ಕಹಿ ಕಂಡರೆ ಆ ಬಳ್ಳಿಯನ್ನು ಬುಡಸಮೇತ ಕಿತ್ತು ಬಿಸಾಡಿ, ಬೀಜಕ್ಕಂತೂ ಇಡಲೇಬೇಡಿ.

7. ಮಾವಿನ ಬಲೆಯನ್ನು ಹೀರೆಗೆ ಕಟ್ಟಬೇಡಿ

ಕಾಯಿಯ ಮೇಲೊಂದು ಸಣ್ಣ ಚುಕ್ಕೆ, ಸುತ್ತ ಮೆತ್ತಗೆ: ಹಣ್ಣುನೊಣ ಮೊಟ್ಟೆಯಿಟ್ಟ ಗುರುತು. ವಿಷ ಹೊಡೆಯದವರಿಗೆ ಇದೇ ದೊಡ್ಡ ಶತ್ರು. ಮೋಹಕ ಬಲೆ ಒಳ್ಳೆಯ ಉಪಾಯ, ಆದರೆ ಮಾವಿನ ನೊಣಕ್ಕೆ ಇಡುವ ಮೀಥೈಲ್ ಯೂಜೆನಾಲ್ ಸೌತೆ ಜಾತಿಯ ನೊಣಕ್ಕೆ ನಾಟುವುದಿಲ್ಲ. ಕ್ಯೂ ಲ್ಯೂರ್ ಎಂದೇ ಕೇಳಿ ತನ್ನಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚುಚ್ಚಿದ ಕಾಯಿಯನ್ನು ಬುಡದಲ್ಲಿ ಬಿಡದೆ ಆಳವಾಗಿ ಹೂಳಿ.

8. ಬೆಳಿಗ್ಗೆ ಕೊಯ್ಯಿರಿ, ಒದ್ದೆ ಮಾಡಬೇಡಿ

ಒಂದಂಗುಲ ತೊಟ್ಟು ಉಳಿಸಿ ಕತ್ತರಿಯಿಂದ ಕೊಯ್ಯಿರಿ. ಗೋಣಿಯಲ್ಲಿ ತುರುಕಿದರೆ ಏಣು ಒಂದಕ್ಕೊಂದು ಉಜ್ಜಿ ಮಧ್ಯಾಹ್ನಕ್ಕೆ ಕಪ್ಪು ಗೆರೆ ಮೂಡುತ್ತದೆ. ಅಗಲ ಕ್ರೇಟು, ಅಡಿಗೊಂದು ಬಾಳೆಲೆ, ಎರಡೇ ಪದರ. ಅಷ್ಟೇ.

9. ಪ್ರಮಾಣಪತ್ರ: ಯಾರಿಗೆ ಬೇಕು, ಯಾರಿಗೆ ಬೇಡ

ಸಾವಯವ ಆಹಾರದ ಬಗ್ಗೆ ಎಫ್‌ಎಸ್‌ಎಸ್‌ಎಐ 2017ರಲ್ಲಿ ನಿಯಮ ತಂದಿದೆ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದ ಸಣ್ಣ ಬೆಳೆಗಾರ ತಾನೇ ನೇರವಾಗಿ ಉಣ್ಣುವವರಿಗೆ ಮಾರಿದರೆ ಪ್ರಮಾಣಪತ್ರದ ಕಡ್ಡಾಯದಿಂದ ವಿನಾಯಿತಿ ಇದೆ; ಜೈವಿಕ್ ಭಾರತ್ ಲಾಂಛನ ಮಾತ್ರ ಹಾಕುವಂತಿಲ್ಲ. ಸಂತೆಗೂ ನಾಲ್ಕು ಮನೆಗೂ ಕೊಡುವವರು ಕಾಗದಕ್ಕೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ. ಮಣಿಪಾಲ, ಮಂಗಳೂರಿನ ಸಾವಯವ ಅಂಗಡಿಗೆ ಕೊಡುವುದಿದ್ದರೆ ಲೆಕ್ಕ ಬೇರೆ. ಆಗ ಅಕ್ಕಪಕ್ಕದ ಐದು ಮನೆಯವರು ಸೇರಿ ಪಿಜಿಎಸ್ ಗುಂಪು ಮಾಡಿಕೊಳ್ಳಬಹುದು. ಒಬ್ಬರ ತೋಟವನ್ನು ಇನ್ನೊಬ್ಬರು ಬಂದು ನೋಡಿ ಸಾಕ್ಷಿ ಹೇಳುವ ಪದ್ಧತಿ ಇದು, ಖರ್ಚು ಕಡಿಮೆ. ಪರಿವರ್ತನೆಯ ವರ್ಷಗಳಲ್ಲಿ ಸಿಗುವುದು ಗ್ರೀನ್ ಮುದ್ರೆ, ಪೂರ್ತಿ ಸಾವಯವ ಮುದ್ರೆ ಆಮೇಲೆ.

ಇಲ್ಲೊಂದು ಎಚ್ಚರಿಕೆ. ವಂಡ್ಸೆ ಗ್ರಾಮ ಪಂಚಾಯತಿಯ ಎಸ್‌ಎಲ್‌ಆರ್‌ಎಂ ಘಟಕ ಹಸಿಕಸ, ಒಣಕಸ ಬೇರೆ ಮಾಡುವ ಕೆಲಸದಲ್ಲಿ ಹೆಸರು ಮಾಡಿದೆ, ಹಸಿಕಸದ ಗೊಬ್ಬರ ಬಳ್ಳಿಗೆ ಒಳ್ಳೆಯದೇ. ಆದರೆ ಪ್ರಮಾಣಪತ್ರದ ದಾರಿ ಹಿಡಿದವರು ಊರ ಕಸದ ಗೊಬ್ಬರ ಹಾಕುವ ಮೊದಲು ಗುಂಪಿನಲ್ಲಿ ಮಾತಾಡಿ, ದಾಖಲೆ ಬರೆದಿಟ್ಟುಕೊಳ್ಳಿ. ತಪಾಸಣೆಯ ದಿನ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

10. ಮಟ್ಟುವಿನವರನ್ನು ನೋಡಿ ಕಲಿಯಿರಿ

ಉಡುಪಿಯ ಬಗಲಲ್ಲಿರುವ ಮಟ್ಟು ಊರಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಳೆಗಾರರು ಸಂಘ ಕಟ್ಟಿ, ಗುಳ್ಳವನ್ನು ದರ್ಜೆ ಮಾಡಿ, ಕಾಯಿಕಾಯಿಗೂ ಚೀಟಿ ಅಂಟಿಸಿ ಕಳಿಸತೊಡಗಿದರು. ಬೇರೆ ಕಡೆಯ ಗುಳ್ಳವನ್ನು ಮಟ್ಟುವಿನದೆಂದು ಮಾರುವವರಿಗೆ ಕಡಿವಾಣ ಬಿತ್ತು. ನಮ್ಮ ಹೀರೆಗೆ ಅಂಥ ಗುರುತು ಇಲ್ಲ, ಸಿಗುವ ಹಾಗೂ ಇಲ್ಲ. ಆದರೆ ಚೀಟಿ ಅಂಟಿಸಲು ಯಾರ ಅಪ್ಪಣೆಯೂ ಬೇಡವಲ್ಲ! ಅವರಂತೆ ಒಟ್ಟು ಸೇರುವುದರಲ್ಲಿ ಇನ್ನೊಂದು ಲಾಭವೂ ಇದೆ. ಬರೀ ಹೀರೆ ಹೊತ್ತು ಹೋದವರಿಗೆ ಮನೆ ಗಿರಾಕಿ ಎರಡು ವಾರ ಸಿಗುತ್ತಾರೆ, ಮೂರನೇ ವಾರ ಸಾಕು ಎನ್ನುತ್ತಾರೆ. ಒಬ್ಬರು ಹೀರೆ, ಒಬ್ಬರು ಬೆಂಡೆ, ಇನ್ನೊಬ್ಬರು ಮುಳ್ಳುಸೌತೆ, ಮತ್ತೊಬ್ಬರು ಹರಿವೆ, ಅಲಸಂಡೆ ಬೆಳೆದು ಒಂದೇ ಬುಟ್ಟಿ ಮಾಡಿದರೆ ವಾಟ್ಸ್ಯಾಪ್‌ನಲ್ಲಿ ಗುರುವಾರ ಪಟ್ಟಿ ಹಾಕಿ ಶನಿವಾರ ಮನೆಮನೆಗೆ ಮುಟ್ಟಿಸಬಹುದು. ಸಂಜೀವಿನಿ ಗುಂಪಿನ ಹೆಂಗಸರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗ ಭಾನುವಾರದ ಸಾವಯವ ಸಂತೆ ನಡೆಸಿಕೊಂಡು ಬಂದಿದೆ. ನೂರು ಕಿಲೋಮೀಟರಿನಾಚೆಗೆ ಒಬ್ಬರೇ ಒಂದು ಕ್ರೇಟು ಹೊತ್ತು ಹೋದರೆ ಡೀಸೆಲಿಗೂ ಹುಟ್ಟದು, ಐದು ಮನೆಯ ಮಾಲಾದರೆ ಯೋಚಿಸಬಹುದು.

"ಇಟ್ಟು ಹೋಗಿ, ಮಾರಿದರೆ ದುಡ್ಡು" ಎನ್ನುವ ಅಂಗಡಿಗೆ ಎಳೆಕಾಯಿ ಕೊಡಬೇಡಿ. ಉಳಿದದ್ದು ವಾಪಸು ಬರುವಾಗ ಅದು ತರಕಾರಿಯಾಗಿ ಉಳಿದಿರುವುದಿಲ್ಲ. ನಾರನ್ನು ಬೇಕಾದರೆ ಹಾಗೆ ಕೊಡಿ.

11. ನಾರಿನ ವ್ಯಾಪಾರಕ್ಕೆ ಅವಸರ ಬೇಡ

ತುಪ್ಪದ ಹೀರೆ ಬಳ್ಳಿಯಲ್ಲೇ ಕಂದು ಬಣ್ಣಕ್ಕೆ ತಿರುಗಿ, ಕೈಗೆತ್ತಿಕೊಂಡರೆ ಹಗುರ ಅನ್ನಿಸಿ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು. ಆಗ ಕೊಯ್ದು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿದರೆ ಸಿಪ್ಪೆ ಸುಲಭವಾಗಿ ಕಳಚುತ್ತದೆ. ತುದಿ ಕತ್ತರಿಸಿ ಬೀಜ ಕೊಡವಿ, ಲೋಳೆ ಹೋಗುವವರೆಗೆ ತೊಳೆದು, ಬಿಸಿಲಿಗೆ ಒಣಹಾಕಿ. ಬಿಳಿ ಬರಲೆಂದು ಬ್ಲೀಚಿಂಗ್ ಪೌಡರ್ ಹಾಕಬೇಡಿ. ಸಾವಯವ ಎಂದು ಮಾರುವ ಮಾಲಿಗೆ ಅದು ಹೊಂದುವುದಿಲ್ಲ, ನಾರೂ ಪೆಡಸಾಗುತ್ತದೆ. ತೆಳುಹಳದಿ ಬಣ್ಣವೇ ಅದರ ಸಹಜ ಬಣ್ಣ ಎಂದು ಚೀಟಿಯಲ್ಲೇ ಬರೆಯಿರಿ.

ದೂರಕ್ಕೆ ಕಳಿಸುವವರ ತಕರಾರು ಒಂದೇ: ತೂಕವಿಲ್ಲ, ಆದರೆ ಪೆಟ್ಟಿಗೆ ತುಂಬ ಜಾಗ ತಿನ್ನುತ್ತದೆ, ಕೊರಿಯರಿನವರು ಗಾತ್ರಕ್ಕೆ ದುಡ್ಡು ಕೇಳುತ್ತಾರೆ. ಪರಿಹಾರ ಸುಲಭ. ಇನ್ನೂ ತುಸು ಹಸಿಯಿರುವಾಗಲೇ ಹಲಗೆಯಡಿ ಇಟ್ಟು ಮೇಲೆ ಭಾರ ಹೇರಿ ಚಪ್ಪಟೆಯಾಗಿಯೇ ಒಣಗಿಸಿ. ಕೊಂಡವರ ಬಚ್ಚಲಲ್ಲಿ ನೀರು ತಾಗಿದ ಕೂಡಲೇ ಅದು ಮತ್ತೆ ಉಬ್ಬಿ ಮೊದಲಿನ ಆಕಾರಕ್ಕೆ ಬರುತ್ತದೆ. ಅಂಚೆಯ ಪಾರ್ಸೆಲ್ಲೂ ನಡೆಯುತ್ತದೆ, ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ ನಮ್ಮ ಕಾರ್ಗೋ ಕೂಡ ಇದೆ.

ಗಿರಾಕಿ ಯಾರು? ಮರವಂತೆ ಕಡಲತೀರದ ರೆಸಾರ್ಟು, ಹೋಂಸ್ಟೇ, ಆಯುರ್ವೇದ ಚಿಕಿತ್ಸಾಲಯ, ತೆಂಗಿನೆಣ್ಣೆಯ ಸೋಪು ಮಾಡುವವರು. ಸೋಪಿನವರು ಬಿಲ್ಲೆಯಾಗಿ ಕತ್ತರಿಸಿದ ನಾರನ್ನು ಅಚ್ಚಿನೊಳಗಿಟ್ಟು ಸೋಪು ಎರೆಯುತ್ತಾರೆ. ಸೋಪು ಮಾಡುವ ಆಸೆ ನಿಮಗೂ ಹುಟ್ಟಬಹುದು. ಅದಕ್ಕೆ ಪರವಾನಗಿ, ಪರೀಕ್ಷೆ ಎಲ್ಲ ಬೇರೆಯೇ ಇದೆ, ಸದ್ಯಕ್ಕೆ ಬಿಲ್ಲೆ ಮಾತ್ರ ಕೊಡಿ. ಪಾತ್ರೆ ಉಜ್ಜಲು ಅರ್ಧ ಕಾಯಿಯ ತುಂಡು, ಮೈ ಉಜ್ಜಲು ಉದ್ದ ತುಂಡಿಗೆ ಹಗ್ಗದ ಕುಣಿಕೆ, ಮುರುಕು ತುಂಡು ಹತ್ತರ ಪೊಟ್ಟಣದಲ್ಲಿ. ಬೆಂಗಳೂರಿನಲ್ಲಿರುವ ಕುಂದಾಪ್ರದವರು ಆಸಾಡಿ ಅಮಾಸಿಯ ಆಸುಪಾಸಿನಲ್ಲಿ ಕುಂದಾಪ್ರ ಕನ್ನಡದ ಹಬ್ಬ ಮಾಡುವಾಗ ಊರ ಸರಕಿಗೆ ಮುಗಿಬೀಳುತ್ತಾರೆ. ಬೇಸಿಗೆಯಲ್ಲಿ ಒಣಗಿಸಿದ ನಾರನ್ನು ಅಟ್ಟದ ಮೇಲೆ ಹೊಗೆ ತಾಗದ, ತೇವ ತಾಗದ ಡಬ್ಬಿಯಲ್ಲಿಟ್ಟಿದ್ದರೆ ಅಲ್ಲಿಗೆ ಕಳಿಸಲು ಮಾಲು ಸಿದ್ಧ. ಎಳೆಕಾಯಿಯನ್ನು ಮಾತ್ರ ರಾತ್ರಿ ಬಸ್ಸಿಗೆ ಹಾಕಬೇಡಿ, ಆ ಹೊತ್ತಿಗೆ ಅದನ್ನು ಕೇಳುವವರು ಹೆಮ್ಮಾಡಿಯಲ್ಲೇ ಇರುತ್ತಾರೆ.