ಪುಸ್ತಕಗಳಿಗೆ ಫೋಲ್ಡರೋ, ಟ್ಯಾಗೋ?

ವಾಚನಾಲಯದ ಗಣಕಯಂತ್ರದಲ್ಲಿ ಪುಸ್ತಕಗಳನ್ನು ಹೇಗೆ ಜೋಡಿಸಬೇಕೆಂದು ಸದಸ್ಯರು ಕೇಳುತ್ತಿದ್ದಾರೆ. ಫೋಲ್ಡರೆಂದರೆ ಕಪಾಟಿನ ಖಾನೆ. ಟ್ಯಾಗೆಂದರೆ ಪುಸ್ತಕಕ್ಕೆ ಅಂಟಿಸಿದ ಚೀಟಿ. ಪುಸ್ತಕವು ಒಂದೇ ಖಾನೆಯಲ್ಲಿರಬಲ್ಲದು, ಚೀಟಿಗಳನ್ನು ಎಷ್ಟಾದರೂ ಅಂಟಿಸಬಹುದು.

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕವನ್ನೇ ತೆಗೆದುಕೊಳ್ಳಿ. ಅದು ಪ್ರವಾಸಕಥನ, ಹಾಸ್ಯಪ್ರಿಯರಿಗೂ ಬೇಕಾದದ್ದು. ‘ಪ್ರವಾಸ’ ಎಂಬ ಫೋಲ್ಡರಿನಲ್ಲಿಟ್ಟರೆ, ಪಾಳಿ ಮುಗಿಸಿ ಬಂದು ಅರ್ಧ ಗಂಟೆ ನಗೋಣವೆಂದು ‘ಹಾಸ್ಯ’ ತೆರೆದವರಿಗೆ ಅದು ಸಿಕ್ಕದು. ಎರಡೂ ಕಡೆ ಪ್ರತಿ ಇಟ್ಟರಾಯಿತು ಎನ್ನುವವರುಂಟು. ನಾವು ಇದನ್ನು ಒಪ್ಪುವುದಿಲ್ಲ. ಪುಟ ಬಿಟ್ಟುಹೋಗಿದೆಯೆಂದು ಒಂದು ಪ್ರತಿಯನ್ನು ಬದಲಾಯಿಸಿದರೆ, ಇನ್ನೊಂದು ಕುಂದಿನೊಡನೆಯೇ ಉಳಿಯುತ್ತದೆ.

ಹಾಗಾದರೆ ಟ್ಯಾಗುಗಳೇ ಸಾಕೆ? ಸಾಲದು. ಉಚಿತವಾಗಿ ದೊರೆಯುವ ಕ್ಯಾಲಿಬರ್ ತಂತ್ರಾಂಶವು ಟ್ಯಾಗುಗಳನ್ನು ತನ್ನದೇ ವಹಿಯಲ್ಲಿ ಬರೆದಿಡುತ್ತದೆ. ಪುಸ್ತಕಗಳನ್ನು ಲೇಖಕರ ಹೆಸರಿನ ಫೋಲ್ಡರುಗಳಲ್ಲಿ ತಾನೇ ಇಡುತ್ತದೆ. ಆ ಫೋಲ್ಡರುಗಳನ್ನು ಕೈಯಾರೆ ಅತ್ತಿತ್ತ ಸರಿಸಕೂಡದು, ವಹಿಯ ಲೆಕ್ಕ ತಪ್ಪುತ್ತದೆ. ಅಲ್ಲಿಂದ ಪಿಡಿಎಫ್ ಒಂದನ್ನೇ ಪೆನ್ ಡ್ರೈವಿಗೆ ನಕಲು ಮಾಡಿಕೊಂಡರೆ ಚೀಟಿಗಳು ಜೊತೆಗೆ ಬಾರದಿರಬಹುದು. ಕಡತದ ಹೆಸರಾದರೋ ಬಂದೇ ಬರುತ್ತದೆ.

ಆದ್ದರಿಂದ ಫೋಲ್ಡರು ಲೇಖಕರ ಹೆಸರಿನಲ್ಲಿರಲಿ, ವಿಷಯ ಟ್ಯಾಗಿನಲ್ಲಿರಲಿ, ಕಡತದ ಹೆಸರಿನಲ್ಲಿ ಲೇಖಕರೂ ಪುಸ್ತಕವೂ ಕಾಣಿಸಲಿ. ಟ್ಯಾಗಿನ ಪದಗಳನ್ನು ಮೊದಲೇ ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಕು. ಇದೇ ಎಲ್ಲಕ್ಕಿಂತ ಮುಖ್ಯ, ಜನ ಮರೆಯುವುದೂ ಇದನ್ನೇ. ಒಬ್ಬರು ‘ಪ್ರವಾಸ’, ಇನ್ನೊಬ್ಬರು ‘ಪ್ರವಾಸಕಥನ’ ಎಂದು ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಚೀಟಿಗಳು. ನಮ್ಮಂಥ ಸಣ್ಣ ಸಂಗ್ರಹಕ್ಕೆ 20 ಪದಗಳು ಧಾರಾಳವಾದುವು. ಹೊಸ ಪದ ಬೇಕಾದವರು ಮೊದಲು ಗೋಡೆಯ ಪಟ್ಟಿಯಲ್ಲಿ ಬರೆದು ಅನಂತರ ಪುಸ್ತಕಕ್ಕೆ ಹಚ್ಚಬೇಕು.