ರೇಡಿಯೇಟರಿನ ನೀರಿನಲ್ಲಿ ಎಣ್ಣೆ: ಹೆಡ್ ಬಿಚ್ಚಿಸುವ ಮುನ್ನ



ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಂತರೆ ಕಡಿದ ಕಬ್ಬೂ ನಿಲ್ಲುತ್ತದೆ. ಕಡಿದ ಕಬ್ಬು ಬಿಸಿಲಿನಲ್ಲಿ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದು ನಿಮಗೆ ಗೊತ್ತೇ ಇದೆ. ಆದುದರಿಂದ ಹಳೆಯ ಟ್ರ್ಯಾಕ್ಟರ್, ಜೀಪು ಅಥವಾ ಕಾರು ಇರುವವರು ಹಂಗಾಮಿಗೆ ಮೊದಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಬೇಕು. ನೀರಿನ ಮೇಲೆ ಎಣ್ಣೆ ಕಂಡರೆ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚೋಣ" ಎಂದು ಕೂಡಲೇ ಹೇಳುವವರು ಬಹಳ ಜನ. ಅದು ನಿಜವಿರಬಹುದು, ಇಲ್ಲದಿರಲೂಬಹುದು. ಕೆಳಗಿನ ಪರೀಕ್ಷೆಗಳಿಗೆ ಖರ್ಚಿಲ್ಲ. ಮೊದಲು ಅವನ್ನು ಮಾಡಿರಿ.

ಗಾಳಿಯಿಂದ ತಣಿಯುವ ಇಂಜಿನ್ನುಗಳಿಗೆ ರೇಡಿಯೇಟರ್ ನೀರು ಇರುವುದಿಲ್ಲ. ಅವುಗಳಿಗೆ ಈ ಪಾಠ ಅನ್ವಯಿಸದು.

ಎಚ್ಚರಿಕೆ: ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒಳಗಿನ ಕುದಿನೀರು ಒತ್ತಡದಿಂದ ಚಿಮ್ಮಿ ಮುಖ, ಕೈ ಸುಡುತ್ತದೆ. ಎಲ್ಲ ಪರೀಕ್ಷೆಗಳನ್ನೂ ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ನಿನ ಮೇಲೆ ಬೆಳಿಗ್ಗೆ ಆರಂಭಿಸಬೇಕು.

1. ಅದು ಎಣ್ಣೆಯೇ?

ರೇಡಿಯೇಟರಿನ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಅಲುಗಿಸದೆ ಇಡಿರಿ. ತುಕ್ಕು ಮತ್ತು ಕೆಸರು ತಳಕ್ಕೆ ಕೂಡುತ್ತವೆ. ಎಣ್ಣೆ ಮೇಲೆ ತೇಲುತ್ತದೆ. ಬೆರಳಿಗೆ ತಿಕ್ಕಿದರೆ ತುಕ್ಕು ಒರಟು, ಎಣ್ಣೆ ಜಾರು. ತುಕ್ಕು ಹಿಡಿಯದಂತೆ ಹಾಕುವ ಕೆಲವು ದ್ರಾವಣಗಳು ನೀರನ್ನು ಹಾಲಿನಂತೆ ಬಿಳಿ ಮಾಡುತ್ತವೆ. ಹಿಂದೆ ಏನು ಹಾಕಿದ್ದಿರಿ ಎಂಬುದನ್ನು ನೆನಪಿಸಿಕೊಳ್ಳಿರಿ. ಎಣ್ಣೆಯ ಡಬ್ಬಿಯಿಂದಲೇ ನೀರು ಹಾಕಿದ್ದರೂ ಸ್ವಲ್ಪ ಎಣ್ಣೆ ಕಾಣುತ್ತದೆ. ಅಂಥ ಸಂದೇಹವಿದ್ದರೆ ನೀರು ಬದಲಿಸಿ, ಶುದ್ಧ ಪಾತ್ರೆಯಿಂದ ತುಂಬಿ, ಇಂಜಿನ್ ಸ್ವಲ್ಪ ಹೊತ್ತು ನಡೆಸಿ, ತಣಿದ ಮೇಲೆ ಮತ್ತೆ ನೋಡಿರಿ.

2. ಯಾವ ಎಣ್ಣೆ?

ಡೀಸೆಲ್ ಇಂಜಿನ್ನಿನ ಬಳಸಿದ ಆಯಿಲ್ ಕಪ್ಪಾಗಿರುತ್ತದೆ. ನೀರಿನೊಡನೆ ಕಲೆತಾಗ ಕಂದು ಅಥವಾ ಬೂದು ಬಣ್ಣದ ಕೆನೆಯಾಗುತ್ತದೆ. ತಾನಾಗಿ ಗೇರ್ ಬದಲಾಗುವ ಕಾರುಗಳಲ್ಲಿ ಗೇರ್ ಬಾಕ್ಸಿನ ಆಯಿಲ್ ಸಾಮಾನ್ಯವಾಗಿ ಕೆಂಪು. ಅದನ್ನು ತಣಿಸುವ ಕೊಳವೆ ಎಷ್ಟೋ ಕಾರುಗಳಲ್ಲಿ ರೇಡಿಯೇಟರಿನ ಒಳಗೇ ಇರುತ್ತದೆ. ಅಂಥ ಕಾರಿನಲ್ಲಿ ಗುಲಾಬಿ ಬಣ್ಣದ ಕೆನೆ ಕಂಡರೆ ದೋಷ ರೇಡಿಯೇಟರಿನದು, ಇಂಜಿನ್ ಹೆಡ್ಡಿನದಲ್ಲ.

3. ಆಯಿಲಿನಲ್ಲಿ ನೀರಿದೆಯೇ?

ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿರಿ. ಮಜ್ಜಿಗೆಯಂತಿದ್ದರೆ ಅಥವಾ ಮಟ್ಟ ಏರಿದ್ದರೆ ನೀರು ಸೇರಿರಬಹುದು. ಸಂದೇಹವಿದ್ದರೆ ಬಿಸಿ ತಗಡಿನ ಮೇಲೆ ಒಂದೇ ಹನಿ ಹಾಕಿರಿ. ಚಟಪಟ ಎಂದರೆ ನೀರಿದೆ. ಬೆಳಿಗ್ಗೆ ಚೇಂಬರಿನ ತಳದ ಬೋಲ್ಟನ್ನು ಸ್ವಲ್ಪ ಸಡಿಲಿಸಿದರೆ ಭಾರವಾದ ನೀರು ಮೊದಲು ಬರುತ್ತದೆ. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಅಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಚಳಿಗಾಲದಲ್ಲಿ ಗಾಡಿ ಸ್ವಲ್ಪ ದೂರವೇ ಓಡಿದರೆ ಹಬೆ ಅಲ್ಲಿ ಕೂಡುತ್ತದೆ.

4. ಗುಳ್ಳೆ ಬರುತ್ತಿದೆಯೇ?

ತಣ್ಣಗಿರುವ ಇಂಜಿನ್ನಿಗೆ ಬಾಯಿಯವರೆಗೆ ನೀರು ತುಂಬಿ, ಮುಚ್ಚಳ ತೆಗೆದೇ ಇಟ್ಟು ಚಾಲೂ ಮಾಡಿರಿ. ಧೋತರ, ರುಮಾಲು ಫ್ಯಾನಿಗೆ ಸಿಗದಂತೆ ದೂರ ನಿಲ್ಲಿರಿ. ಆರಂಭದ ಕೆಲವು ಗುಳ್ಳೆಗಳು ಸಿಕ್ಕಿಬಿದ್ದ ಗಾಳಿಯವು. ಗುಳ್ಳೆ ನಿಲ್ಲದೆ ಬಂದು, ವೇಗ ಕೊಟ್ಟಾಗ ಹೆಚ್ಚಿದರೆ ಸಿಲಿಂಡರಿನ ಗ್ಯಾಸು ನೀರಿಗೆ ಬರುತ್ತಿದೆ. ನೀರು ಬಿಸಿಯಾಗುವ ಮೊದಲೇ ಇಂಜಿನ್ ನಿಲ್ಲಿಸಿರಿ.

ಒತ್ತಡದ ಲೆಕ್ಕ

ಇಂಜಿನ್ ಓಡುವಾಗ ಆಯಿಲಿನ ಒತ್ತಡ ಸಾಮಾನ್ಯವಾಗಿ ಚದರ ಇಂಚಿಗೆ 40ರಿಂದ 60 ಪೌಂಡ್. ರೇಡಿಯೇಟರಿನಲ್ಲಿ 7ರಿಂದ 15 ಪೌಂಡ್ ಮಾತ್ರ. ಆದ ಕಾರಣ ಎರಡರ ನಡುವೆ ತೂತಾದರೆ ಓಡುವಾಗ ಆಯಿಲ್ ನೀರಿಗೆ ನುಗ್ಗುತ್ತದೆ. ಇಂಜಿನ್ ನಿಂತಾಗ ಆಯಿಲಿನ ಒತ್ತಡ ಇಲ್ಲವಾಗುತ್ತದೆ, ಬಿಸಿ ನೀರಿನ ಒತ್ತಡ ಇನ್ನೂ ಇರುತ್ತದೆ. ಆಗ ನೀರು ಆಯಿಲಿಗೆ ಇಳಿಯಬಹುದು. ಇದನ್ನು ಲಕ್ಷ್ಯದಲ್ಲಿಟ್ಟು ಹೀಗೆ ತೀರ್ಮಾನಿಸಿರಿ:

(ಅ) ನೀರಿನಲ್ಲಿ ಆಯಿಲ್ ಇದೆ, ಗುಳ್ಳೆ ಇಲ್ಲ, ಚೇಂಬರಿನ ಆಯಿಲ್ ಶುದ್ಧವಿದೆ: ಇಂಜಿನ್ನಿಗೆ ನೀರಿನಿಂದ ತಣಿಯುವ ಆಯಿಲ್ ಕೂಲರ್ ಇದ್ದರೆ ಮೊದಲ ಸಂಶಯ ಅದರ ಮೇಲೆ. ಕಳಚಿ, ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದರೆ ತೂತು ತಿಳಿಯುತ್ತದೆ. ಕೂಲರ್ ಇಲ್ಲದಿದ್ದರೆ, ಆಯಿಲ್ ಹಾದಿ ಮತ್ತು ನೀರಿನ ಹಾದಿಯ ನಡುವೆ ಗ್ಯಾಸ್ಕೆಟ್ ಹೋಗಿರಬಹುದು.

(ಆ) ಗುಳ್ಳೆ ಬರುತ್ತಿದೆ, ಸೈಲೆನ್ಸರಿನಿಂದ ನಿಲ್ಲದೆ ಬಿಳಿ ಹಬೆ ಬರುತ್ತಿದೆ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೆ ಹೆಡ್ ಸೀಳಿದೆ. ಈಗ ಹೆಡ್ ಬಿಚ್ಚುವುದು ಸರಿ.

(ಇ) ಆಯಿಲಿನಲ್ಲಿ ನೀರಿದೆ, ನೀರಿನಲ್ಲಿ ಆಯಿಲ್ ಇಲ್ಲ, ಗುಳ್ಳೆಯೂ ಇಲ್ಲ: ಲೈನರಿನ ಹೊರಮೈಗೆ ನೀರು ತಾಗುವ ಇಂಜಿನ್ನುಗಳಲ್ಲಿ ಲೈನರಿನ ಕೆಳಗಿನ ರಬ್ಬರ್ ರಿಂಗುಗಳನ್ನು ನೋಡಿಸಬೇಕು.

ಹೆಡ್ ಬಿಚ್ಚಿದರೆ ಅದರ ಮೈ ಸಮತಟ್ಟಾಗಿದೆಯೇ ಎಂದು ಪಟ್ಟಿ ಇಟ್ಟು ಪರೀಕ್ಷಿಸಲು ಮೇಸ್ತ್ರಿಗೆ ಹೇಳಿರಿ. ಗ್ಯಾಸ್ಕೆಟ್ ಹೊಸದೇ ಇರಲಿ. ಬೋಲ್ಟುಗಳನ್ನು ತಯಾರಕರು ತೋರಿಸಿದ ಕ್ರಮದಲ್ಲಿ, ಹಂತಹಂತವಾಗಿ, ಟಾರ್ಕ್ ಪಾನಾದಿಂದ ಬಿಗಿಯಬೇಕು.

ದುರಸ್ತಿಯ ನಂತರ

ಒಳಗೆ ಉಳಿದ ಎಣ್ಣೆಯನ್ನು ತೊಳೆಯದಿದ್ದರೆ ಅದು ರೇಡಿಯೇಟರಿನ ಕೊಳವೆಗಳಿಗೆ ಅಂಟಿ ಇಂಜಿನ್ ಮತ್ತೆ ಕಾಯುತ್ತದೆ. ನೀರಿಗೆ ಸ್ವಲ್ಪ ಬಟ್ಟೆ ತೊಳೆಯುವ ಪುಡಿ ಬೆರೆಸಿ, ಇಂಜಿನ್ ಬಿಸಿಯಾಗುವವರೆಗೆ ನಡೆಸಿ, ತಣಿದ ಮೇಲೆ ಚೆಲ್ಲಿರಿ. ಎಣ್ಣೆ ಕಾಣದವರೆಗೆ ಹೀಗೆ ಮಾಡಿ, ಕೊನೆಗೆ ಎರಡು ಮೂರು ಸಲ ಬರೀ ನೀರಿನಿಂದ ತೊಳೆಯಿರಿ. ಸೀಮೆಎಣ್ಣೆ, ಡೀಸೆಲ್ ಹಾಕಬೇಡಿರಿ. ಅವು ರಬ್ಬರನ್ನು ಕೆಡಿಸುತ್ತವೆ. ಉಬ್ಬಿ ಮೆತ್ತಗಾದ ಹೋಸ್ ಪೈಪುಗಳನ್ನು ಬದಲಿಸಿರಿ. ಆಯಿಲಿಗೆ ನೀರು ಸೇರಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಲೇಬೇಕು.

ಚೆಲ್ಲಿದ ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ದನಕರು, ನಾಯಿಗಳಿಗೆ ಎಟುಕದಂತೆ ಡಬ್ಬಿಯಲ್ಲಿ ಹಿಡಿಯಿರಿ. ಬಾವಿ, ಕಾಲುವೆಗಳ ಹತ್ತಿರ ಚೆಲ್ಲಬೇಡಿರಿ.

ಆಯಿಲಿನಲ್ಲಿ ನೀರು ಕಂಡ ಗಾಡಿಯನ್ನು "ಇದೊಂದು ಖೇಪು ಆಗಲಿ" ಎಂದು ಓಡಿಸಬೇಡಿರಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಉಳಿಸದು. ಬೇರಿಂಗು ಹಿಡಿದು ಕ್ರ್ಯಾಂಕ್ ಕೆಟ್ಟರೆ ಒಂದು ಗ್ಯಾಸ್ಕೆಟಿನ ಖರ್ಚು ಇಡೀ ಇಂಜಿನ್ನಿನ ಖರ್ಚಾಗುತ್ತದೆ. ಗಾಡಿಯನ್ನು ಎಳೆಸಿಕೊಂಡು ಹೋಗಿರಿ, ಬಾಟಲಿಯ ನೀರನ್ನೂ ಜೊತೆಗೆ ಒಯ್ದು ಮೇಸ್ತ್ರಿಗೆ ತೋರಿಸಿರಿ.